ಬುದ್ಧಿ ಹೆಚ್ಚಿದರೆ ಲೋಕ ಸುಧಾರಿಸುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಮನೋವಿಜ್ಞಾನ ಕಲಿಸಿ ನಿವೃತ್ತನಾದ ಮೇಲೆ, ಕರೆದ ಕಡೆ ಹೋಗಿ ಬುದ್ಧಿಶಕ್ತಿಯ ಕುರಿತು ನಾಲ್ಕು ಮಾತು ಆಡುವುದು ನನಗೆ ಅಭ್ಯಾಸವಾಗಿದೆ. ಮಾತು ಮುಗಿದ ಮೇಲೆ ಕಾಫಿ ಲೋಟ ಹಿಡಿದು ಹತ್ತಿರ ಬರುವವರು, ಮದ್ದೂರು ಪಾಂಡವಪುರಗಳಿಂದ ಪತ್ರ ಬರೆಯುವ ಶಿಕ್ಷಕರು, ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತಡೆದು ನಿಲ್ಲಿಸುವ ಗೆಳೆಯರು, ಇವರೆಲ್ಲರ ಪ್ರಶ್ನೆಗಳೂ ಸುತ್ತಿ ಬಳಸಿ ಒಂದೇ ಕಡೆಗೆ ಬರುತ್ತವೆ: ಮನುಷ್ಯರ ಬುದ್ಧಿ ಇನ್ನಷ್ಟು ಹೆಚ್ಚಿದರೆ ಲೋಕ ಒಳ್ಳೆಯದಾಗುತ್ತದೆಯೇ? ಅವರು ಕೇಳಿದ ಧಾಟಿಯನ್ನು ತಿದ್ದದೆ, ಸುಲಭದವುಗಳಿಂದ ತೊಡಕಿನವುಗಳ ಕಡೆಗೆ ಜೋಡಿಸಿ ಇಲ್ಲಿ ಉತ್ತರಿಸಿದ್ದೇನೆ.

## ಮೊದಲ ಮಾತುಗಳು

"ಬುದ್ಧಿ ಅಂದ್ರೆ ಯಾವುದು ಸಾರ್? ಅಂಕ ತೆಗೆಯೋದಾ, ವ್ಯವಹಾರ ಗೊತ್ತಿರೋದಾ?"

ಈ ಒಂದು ಪದವನ್ನು ನಾವು ಹತ್ತು ಕಡೆ ದುಡಿಸಿಕೊಳ್ಳುತ್ತೇವೆ. ಹಿರಿಯರು ಬುದ್ಧಿ ಹೇಳುತ್ತಾರೆ, ಎದುರಾಳಿಗೆ ಬುದ್ಧಿ ಕಲಿಸುತ್ತೇವೆ, ತಪ್ಪು ಮಾಡಿ ನೊಂದವನಿಗೆ ಬುದ್ಧಿ ಬಂತು ಎನ್ನುತ್ತೇವೆ. ಈ ಮೂರರಲ್ಲಿ ಒಂದೂ ಲೆಕ್ಕ ಬಿಡಿಸುವ ಶಕ್ತಿಯ ಮಾತಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಮಠದ ಸ್ವಾಮಿಗಳನ್ನೋ ಜಮೀನಿನ ಯಜಮಾನರನ್ನೋ "ಬನ್ನಿ ಬುದ್ಧಿ" ಎಂದು ಕರೆಯುವುದನ್ನು ಕೇಳುತ್ತಲೇ ನಾನು ಬೆಳೆದೆ. ಬುದ್ಧಿ ಎಂಬುದು ಮೇಲಿದ್ದವರ ಸೊತ್ತು ಎಂಬ ಹಳೆಯ ನಂಬಿಕೆ ಆ ಕರೆಯಲ್ಲೇ ಅಡಗಿ ಕೂತಿದೆಯೆಂದು ನನಗೆ ಈಗಲೂ ಅನ್ನಿಸುತ್ತದೆ.

ಇಲ್ಲಿ ನಾನು ಈ ಪದವನ್ನು ಇಕ್ಕಟ್ಟಾದ ಅರ್ಥದಲ್ಲಿ ಬಳಸುತ್ತೇನೆ: ಹೊಸದನ್ನು ಬೇಗ ಕಲಿಯುವ, ಮೇಲುನೋಟಕ್ಕೆ ಕಾಣದ ಸಂಬಂಧವನ್ನು ಹಿಡಿಯುವ, ಹಿಂದೆ ಎದುರಾಗದ ಸಮಸ್ಯೆಯನ್ನು ಬಿಡಿಸುವ ಸಾಮರ್ಥ್ಯ. ಒಂದು ವಿಷಯದಲ್ಲಿ ಮುಂದಿರುವ ಮಕ್ಕಳು ಸಾಮಾನ್ಯವಾಗಿ ಉಳಿದ ವಿಷಯಗಳಲ್ಲೂ ಮುಂದಿರುತ್ತಾರೆ ಎಂಬುದನ್ನು ಗಮನಿಸಿ, ಇವುಗಳ ಹಿಂದೆ ಒಂದು ಸಮಾನ ಶಕ್ತಿ ಇರಬೇಕೆಂದು 1904ರಲ್ಲಿ ವಾದಿಸಿದವನು ಚಾರ್ಲ್ಸ್ ಸ್ಪಿಯರ್‌ಮನ್. ಲಂಡನ್ನಿನಲ್ಲಿ ಅವನ ಬಳಿ ತರಬೇತಿ ಪಡೆದ ಎಂ.ವಿ. ಗೋಪಾಲಸ್ವಾಮಿಯವರೇ 1924ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗವನ್ನು ಕಟ್ಟಿದವರು. 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದು 'ಆಕಾಶವಾಣಿ' ಎಂಬ ಹೆಸರನ್ನು ಬಳಕೆಗೆ ತಂದ ಗೋಪಾಲಸ್ವಾಮಿಯವರೂ ಇವರೇ. ದಯೆ, ಸಂಯಮ, ನ್ಯಾಯಬುದ್ಧಿಗಳನ್ನು ನಾನು ಬೇಕೆಂದೇ ಈ ಅರ್ಥದ ಹೊರಗೆ ಇಟ್ಟಿದ್ದೇನೆ. ಅವನ್ನೂ ಬುದ್ಧಿಯೊಳಗೆ ಸೇರಿಸಿಬಿಟ್ಟರೆ, ಬುದ್ಧಿ ಹೆಚ್ಚಿದರೆ ಒಳ್ಳೆಯದಾಗುತ್ತದೆಯೇ ಎಂದು ಕೇಳುವ ಅಗತ್ಯವೇ ಉಳಿಯುವುದಿಲ್ಲ.

"ಐಕ್ಯೂ ಪರೀಕ್ಷೆನ ನಂಬಬಹುದಾ?"

ಒಂದು ಮಟ್ಟಿಗೆ ನಂಬಬಹುದು. 1905ರಲ್ಲಿ ಆಲ್ಫ್ರೆಡ್ ಬಿನೆ ಪ್ಯಾರಿಸ್ಸಿನಲ್ಲಿ ಇಂಥ ಮೊದಲ ಪರೀಕ್ಷೆ ರೂಪಿಸಿದ್ದು ಮಕ್ಕಳನ್ನು ಮೇಲು ಕೀಳೆಂದು ವಿಂಗಡಿಸುವುದಕ್ಕಲ್ಲ, ಶಾಲೆಯಲ್ಲಿ ಯಾರಿಗೆ ಹೆಚ್ಚಿನ ನೆರವು ಬೇಕೆಂದು ತಿಳಿಯುವುದಕ್ಕೆ. ಆ ಅಂಕಕ್ಕೂ ಮುಂದಿನ ಓದಿಗೂ, ಉದ್ಯೋಗಕ್ಕೂ, ಆರೋಗ್ಯಕ್ಕೂ ನಿಜವಾದ ನಂಟಿದೆ ಎಂಬುದು ಮತ್ತೆ ಮತ್ತೆ ಕಂಡುಬಂದಿದೆ. ಆದರೆ ಅಳತೆಗೋಲು ತಯಾರಾದ ಊರು ಬೇರೆ, ಅಳೆಯುವ ಊರು ಬೇರೆಯಾದಾಗ ಏನಾಗುತ್ತದೆಂದು ನಾನೇ ಕಂಡಿದ್ದೇನೆ. ಮಂಡ್ಯ ತಾಲೂಕಿನ ಹಳ್ಳಿಯೊಂದರಲ್ಲಿ ಹನ್ನೊಂದು ವರ್ಷದ ಹುಡುಗನನ್ನು ಕೂರಿಸಿಕೊಂಡು, ಕಬ್ಬಿಗೂ ಭತ್ತಕ್ಕೂ ಏನು ಸಾಮ್ಯವೆಂದು ಕೇಳಿದೆ. ಎರಡೂ ಬೆಳೆ, ಎರಡೂ ಹುಲ್ಲಿನ ಜಾತಿ ಎಂಬ ಉತ್ತರಕ್ಕೆ ಪೂರ್ತಿ ಅಂಕ. ಅವನು ಸ್ವಲ್ಪ ಹೊತ್ತು ನನ್ನ ಪೆನ್ನನ್ನೇ ನೋಡಿ, "ನಾಲೆ ನಿಲ್ಲಿಸುದ್ರೆ ಎರಡೂ ಒಣಗೋಯ್ತವೆ" ಎಂದ. ನಿಯಮದಂತೆ ನಾನು ಸೊನ್ನೆ ಹಾಕಬೇಕಿತ್ತು, ಹಾಕಿದೆ. ಆ ಸೊನ್ನೆ ಯಾರದೆಂದು ಆಮೇಲೆ ಹಲವು ಸಲ ಯೋಚಿಸಿದ್ದೇನೆ.

"ಸುತ್ತು ಬಳಸು ಬೇಡ, ಒಂದೇ ಮಾತಲ್ಲಿ ಹೇಳಿ. ಎಲ್ಲರೂ ಇನ್ನೂ ಬುದ್ಧಿವಂತರಾದ್ರೆ ಪ್ರಪಂಚ ಚೆನ್ನಾಗಿರುತ್ತಾ?"

ಗಂಟು ಎಲ್ಲಿ ಬಿದ್ದಿದೆ ಎಂಬುದರ ಮೇಲೆ ಹೋಗುತ್ತದೆ. ಗೊತ್ತಿಲ್ಲದ್ದರಿಂದ ನಿಂತುಹೋದ ಕೆಲಸಕ್ಕೆ ಹೆಚ್ಚಿನ ಬುದ್ಧಿ ಅಮೃತವಿದ್ದಂತೆ. ರೋಗದ ಮದ್ದು, ಬೆಳೆಯ ತಳಿ, ಸೇತುವೆಯ ಲೆಕ್ಕ ಇವೆಲ್ಲ ಆ ಬಗೆಯವು. ಯಾರಿಗೆ ಎಷ್ಟು ಎಂಬ ಹಂಚಿಕೆಯಲ್ಲಿ ಗಂಟು ಬಿದ್ದಿದ್ದರೆ, ಎರಡೂ ಕಡೆಯವರ ಬುದ್ಧಿ ಸಮನಾಗಿ ಹೆಚ್ಚಿದಾಗ ಜಗಳ ಇನ್ನಷ್ಟು ನಾಜೂಕಾಗುತ್ತದೆ, ಅಷ್ಟೆ. ಇನ್ನು ಗೊತ್ತಿದ್ದೂ ಮಾಡುವ ಕೇಡಿನ ವಿಷಯದಲ್ಲಿ ಬುದ್ಧಿ ಕೇಡಿಗೆ ಹರಿತವಾದ ಕುಡುಗೋಲು ಕೊಡಬಲ್ಲದು. ಮೂರನ್ನೂ ಕೂಡಿ ಕಳೆದರೆ ಹೆಚ್ಚಿನ ಬುದ್ಧಿಯಿಂದ ಲಾಭವೇ ಹೆಚ್ಚೆಂದು ನಾನು ನಂಬುತ್ತೇನೆ. ಆದರೆ ಈಗ ಇರುವ ಬುದ್ಧಿ ಪೋಲಾಗುವುದನ್ನು ತಡೆಯದೆ ಹೊಸದಾಗಿ ಹೆಚ್ಚಿಸಲು ಹೊರಡುವುದು, ತೂತಿನ ಕೊಡಕ್ಕೆ ನೀರು ಸೇದಿದಂತಾಗುತ್ತದೆ.

## ನಮ್ಮ ಸೀಮೆಯ ಸಾಕ್ಷಿಗಳು

"ಬುದ್ಧಿಯಿಂದಲೇ ಬದುಕು ಸುಧಾರಿಸಿದ್ದಕ್ಕೆ ನಮ್ಮ ಕಡೆಯದೇ ಉದಾಹರಣೆ ಕೊಡಿ. ಕನ್ನಂಬಾಡಿ ಕಟ್ಟೆ ಬೇಡ, ಅದು ಕೇಳಿ ಕೇಳಿ ಸಾಕಾಗಿದೆ."

ಹಾಗಾದರೆ ರಾಗಿಯ ಕಥೆ ಹೇಳುತ್ತೇನೆ. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದ ಲಕ್ಷ್ಮಣಯ್ಯನವರನ್ನು ಜನ 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆಯುತ್ತಿದ್ದರು. ರಾಗಿಯ ಎರಡು ತಳಿಗಳನ್ನು ಬೆರೆಸುವುದು ಭತ್ತದಷ್ಟು ಸುಲಭವಲ್ಲ. ಅದರ ಹೂವು ಎಷ್ಟು ಸಣ್ಣದೆಂದರೆ ತೆನೆಯ ಸಿಪ್ಪೆಯೊಳಗೆ ಇದೆಯೋ ಇಲ್ಲವೋ ಎಂದು ಹುಡುಕಬೇಕು. ಅದು ಅರಳುವುದು ಬೆಳಗಿನ ಜಾವದ ಕತ್ತಲಲ್ಲಿ. ಅರಳುವ ಹೊತ್ತಿಗೆ ತನ್ನ ಪರಾಗವನ್ನೇ ತಾನು ಪಡೆದು ಕೆಲಸ ಮುಗಿಸಿಕೊಂಡಿರುತ್ತದೆ. ಹೀಗಾಗಿ ತಳಿಗಾರರು ಎರಡು ಗಿಡಗಳ ತೆನೆಗಳನ್ನು ಒಂದಕ್ಕೊಂದು ಸೇರಿಸಿ ಕಟ್ಟಿ, ಅಪ್ಪಿತಪ್ಪಿ ಪರಾಗ ಬೆರೆತ ನಾಲ್ಕಾರು ಕಾಳಿಗಾಗಿ ಸಾವಿರಾರು ಸಸಿಗಳನ್ನು ಬೆಳೆಸಿ, ಒಂದೊಂದನ್ನೇ ನೋಡಿ ಆರಿಸಬೇಕಾಗುತ್ತದೆ. ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿದರು. 1960ರ ದಶಕದಲ್ಲಿ ಆರಂಭವಾದ ಆ ಕೆಲಸದಿಂದ ಬಂದ ತಳಿಗಳಿಗೆ ಇಂಡಿಯಾ, ಆಫ್ರಿಕಾ ಎರಡೂ ಹೆಸರು ಕೂಡಿಸಿ 'ಇಂಡಾಫ್' ಎಂದು ಕರೆದರು. ಹಳೆಯ ತಳಿಗಳಿಗೆ ಹೋಲಿಸಿದರೆ ಇಳುವರಿ ಬಹಳವಾಗಿ ಏರಿತು, ಮುದ್ದೆಗೆ ಕೊರತೆ ಇದ್ದ ಮನೆಗಳಲ್ಲಿ ಕಣಜ ತುಂಬಿತು.

ಇದನ್ನು ಬುದ್ಧಿಯ ಫಲವೆಂದು ಕರೆಯಲು ನನಗೆ ಸಂಕೋಚವಿಲ್ಲ, ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಈ ಸಮಸ್ಯೆಯಲ್ಲಿ ಸೋಲುವವರು ಯಾರೂ ಇರಲಿಲ್ಲ. ಒಬ್ಬನ ಹೊಲದಲ್ಲಿ ರಾಗಿ ಹೆಚ್ಚಾದರೆ ಪಕ್ಕದವನ ಹೊಲದಲ್ಲಿ ಕಡಿಮೆಯಾಗುವುದಿಲ್ಲ. ಎರಡನೆಯದು, ಕತ್ತಲಲ್ಲಿ ಎದ್ದು ಹೋಗಿ ತೆನೆ ಕಟ್ಟುವ ತಾಳ್ಮೆ ಯಾವ ಪರೀಕ್ಷೆಯ ಅಂಕದಲ್ಲೂ ಸಿಗುವುದಿಲ್ಲ.

"ಆದರೂ ಕಟ್ಟೆ ಬಿಟ್ಟು ಮಾತಾಡೋಕಾಗುತ್ತಾ? ಅದು ಬುದ್ಧಿಯ ಗೆಲುವಲ್ವಾ?"

ಗೆಲುವೇ ಸರಿ. 1911ರಲ್ಲಿ ಆರಂಭವಾಗಿ ಎರಡು ದಶಕ ನಡೆದ ಕೃಷ್ಣರಾಜಸಾಗರದ ಕೆಲಸದಿಂದಲೇ ಮಂಡ್ಯ ಸೀಮೆಗೆ ನಾಲೆ ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, 1939ರಲ್ಲಿ ಮಂಡ್ಯ ಒಂದು ಜಿಲ್ಲೆಯೇ ಆಯಿತು. ನಾಲೆಯ ಬೆನ್ನಿಗೆ ಮಲೇರಿಯಾ ಬಂದದ್ದು ಮಾತ್ರ ಕಥೆ ಹೇಳುವವರ ಬಾಯಿಂದ ಅಷ್ಟಾಗಿ ಕೇಳುವುದಿಲ್ಲ. ನಿಂತ ನೀರು, ಬಸಿಯದ ಗದ್ದೆ, ಸೊಳ್ಳೆ. ಬಾಗಿಲು ಹಾಕಿದ ಮನೆಗಳ ಸಂಗತಿಯನ್ನು ನನ್ನ ಸೋದರಮಾವ ಹೇಳುತ್ತಿದ್ದರು. ಆ ಸೊಳ್ಳೆಯನ್ನು ಅಡಗಿಸಲು ಮತ್ತೆ ಬೇರೆ ಬುದ್ಧಿವಂತರು ಬೇಕಾದರು, ಬಂದರು. ಬುದ್ಧಿ ಬಿಡಿಸಿದ ಸಮಸ್ಯೆಯೊಂದು ಮರಿ ಹಾಕುವುದು ಸಾಮಾನ್ಯ. ಅದಕ್ಕಾಗಿ ಕಟ್ಟೆಯೇ ಬೇಡವಾಗಿತ್ತೆನ್ನುವುದು ಮೂರ್ಖತನ. ಮರಿಗಳನ್ನು ಲೆಕ್ಕಕ್ಕೆ ಹಿಡಿಯದಿರುವುದೂ ಹಾಗೆಯೇ. ನೀರಿನಡಿ ಹೋದ ಹಳೇ ಕನ್ನಂಬಾಡಿಯವರ ನಷ್ಟ ಎಷ್ಟು ಎಂಬುದು ಯಾವ ಎಂಜಿನಿಯರಿನ ಜಾಣತನದಿಂದಲೂ ಬಗೆಹರಿಯುವ ಲೆಕ್ಕವಾಗಿರಲಿಲ್ಲ.

"ನಮ್ಮಲ್ಲೂ ಬುದ್ಧಿವಂತರಿದ್ದಾರೆ, ತಮಿಳುನಾಡಲ್ಲೂ ಇದ್ದಾರೆ. ಕಾವೇರಿ ಯಾಕೆ ಇಷ್ಟು ವರ್ಷ ಬಗೆಹರೀಲಿಲ್ಲ?"

ಮಂಡ್ಯದಲ್ಲಿ ಎಲ್ಲಿ ಮಾತನಾಡಿದರೂ ಈ ಪ್ರಶ್ನೆ ತಪ್ಪಿದ್ದಲ್ಲ. 1892ರ ಮತ್ತು 1924ರ ಒಪ್ಪಂದಗಳಿಂದ ಹಿಡಿದು 1990ರಲ್ಲಿ ನ್ಯಾಯಮಂಡಳಿ ರಚನೆಯಾಗಿ, 2007ರಲ್ಲಿ ಅದರ ಅಂತಿಮ ತೀರ್ಪು ಬಂದು, 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟು ಅದನ್ನು ತಿದ್ದಿ 740 ಟಿಎಂಸಿಯಲ್ಲಿ ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25 ಎಂದು ಹಂಚುವವರೆಗೆ, ಈ ವ್ಯಾಜ್ಯಕ್ಕೆ ಬುದ್ಧಿವಂತರ ಬರ ಎಂದೂ ಇರಲಿಲ್ಲ. ದೇಶದ ನುರಿತ ವಕೀಲರು, ನೀರಾವರಿ ತಜ್ಞರು, ಅಂಕಿಅಂಶ ಬಲ್ಲವರು ಎರಡೂ ಕಡೆ ಕೂತು ಒಬ್ಬರ ವಾದವನ್ನು ಇನ್ನೊಬ್ಬರು ಸರಿಗಟ್ಟಿದರು. ಹಗ್ಗ ಎಳೆಯುವ ಆಟದಲ್ಲಿ ಎರಡೂ ತಂಡಕ್ಕೆ ಒಬ್ಬೊಬ್ಬ ಪೈಲ್ವಾನ ಸೇರಿದರೆ ಹಗ್ಗ ಬಿಗಿಯಾಗುತ್ತದೆಯೇ ಹೊರತು ಜಾಗ ಬಿಟ್ಟು ಕದಲುವುದಿಲ್ಲ.

ಮಳೆ ಸರಿಯಾಗಿ ಬಂದ ವರ್ಷ ಈ ಅಂಕಿಗಳು ಯಾರಿಗೂ ನೆನಪಾಗುವುದಿಲ್ಲ. ಕಟ್ಟೆಯ ನೀರು 124.80 ಅಡಿ ಮುಟ್ಟಿದ ದಿನ ಬಾಗಿನ ಅರ್ಪಿಸಿ ಎಲ್ಲರೂ ಮನೆಗೆ ಹೋಗುತ್ತಾರೆ. ಮಳೆ ಕೈಕೊಟ್ಟ ವರ್ಷದ ಕಷ್ಟವನ್ನು ಹೇಗೆ ಹಂಚಿಕೊಳ್ಳಬೇಕೆಂಬುದೇ ನಿಜವಾದ ಗಂಟು. ಅದು ತಿಳಿಯದ ಗಂಟಲ್ಲ, ಒಪ್ಪದ ಗಂಟು.

ಹಾಗೆಂದು ಬುದ್ಧಿಗೆ ಇಲ್ಲಿ ಕೆಲಸವೇ ಇಲ್ಲವೆಂದು ತಿಳಿಯಬೇಡಿ. ಹಂಚಬೇಕಾದ ನೀರನ್ನೇ ಸಾಲುವಂತೆ ಮಾಡುವ ಬುದ್ಧಿ ಬೇರೆ ಬಗೆಯದು: ಕಬ್ಬಿಗೆ ಹನಿ ನೀರಾವರಿ, ಕಡಿಮೆ ನೀರಿನಲ್ಲಿ ಭತ್ತ, ಬೇಸಿಗೆ ಬೆಳೆಯ ಬದಲಾವಣೆ. ಈ ವಿದ್ಯೆ ನಮ್ಮ ರೈತನಿಗೆ ಗೊತ್ತಿಲ್ಲವೆಂದಲ್ಲ. ನಾಲೆಯ ನೀರಿಗೆ ಅಳತೆಯಿಲ್ಲ, ಬೆಳೆ ಮತ್ತು ಎಕರೆಯ ಲೆಕ್ಕದಲ್ಲಿ ಕರವಿದೆ. ನೀರು ಉಳಿಸಿದವನಿಗೆ ಉಳಿತಾಯದಿಂದ ಕೈಗೆ ಬರುವುದು ಏನೂ ಇಲ್ಲ. ಉಳಿಸಿದ ನೀರು ಮುಂದಿನ ಊರಿಗೆ ಹೋಗುತ್ತದೆಂದು ಖಾತ್ರಿಯಿಲ್ಲದಿರುವಾಗ ಗದ್ದೆಗೆ ನೀರು ಬರುವ ಮಡೆ ಕಟ್ಟುವುದಕ್ಕಿಂತ ಮಡೆ ಬಿಡುವುದೇ ಅವನ ಪಾಲಿಗೆ ಬುದ್ಧಿವಂತಿಕೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

## ಬುದ್ಧಿಯ ಕೆಟ್ಟ ಮಗ್ಗುಲು

"ಓದಿದವರೇ ಜಾಸ್ತಿ ಮೋಸ ಮಾಡೋದು. ಬುದ್ಧಿ ಹೆಚ್ಚಾದಷ್ಟೂ ಕೇಡು ಹೆಚ್ಚಲ್ವಾ?"

2023ರ ಕೊನೆಯಲ್ಲಿ ಬೆಳಕಿಗೆ ಬಂದ ಭ್ರೂಣಲಿಂಗ ಪತ್ತೆ ಜಾಲವನ್ನು ನೆನಪಿಸಿಕೊಳ್ಳಿ. ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳಲಾಗುತ್ತಿತ್ತು. ಬಂಧಿತರಾದವರಲ್ಲಿ ವೈದ್ಯರೂ ಇದ್ದರು. ಆಲೆಮನೆ ಎಂದರೆ ಗಾಣ, ಕೊಪ್ಪರಿಗೆ, ಒಲೆಗೆ ಒಡ್ಡುವ ಒಣ ಸಿಪ್ಪೆಯ ರಾಶಿ, ಮೈಗೆಲ್ಲ ಅಂಟುವ ಬೆಲ್ಲದ ವಾಸನೆ. ಅಲ್ಲಿ ಗರ್ಭಿಣಿಯನ್ನು ಮಲಗಿಸಿ ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತಾರೆಂದು ಯಾರೂ ಶಂಕಿಸಲಾರರು. ಜಾಗ ಆರಿಸಿದವನು ದಡ್ಡನಲ್ಲ. ಶಬ್ದದ ಅಲೆಗಳಿಂದ ಗರ್ಭದ ಚಿತ್ರ ಮೂಡಿಸುವ ವಿದ್ಯೆ ಎಷ್ಟೋ ತಾಯಂದಿರ ಜೀವ ಉಳಿಸಿದೆ. 1994ರ ಕಾನೂನು ಅದರ ದುರುಪಯೋಗವನ್ನು ನಿಷೇಧಿಸಿಯೂ ಇದೆ. ವಿದ್ಯೆ, ಕಾನೂನಿನ ಅರಿವು, ಸಿಕ್ಕಿಬೀಳದಿರುವ ಉಪಾಯ, ಈ ಮೂರೂ ಇದ್ದ ಕಡೆ ಇಲ್ಲದಿದ್ದದ್ದು ಬೇರೆಯೇ.

ಎರಡನೇ ಮಹಾಯುದ್ಧದ ನಂತರ ನ್ಯೂರೆಂಬರ್ಗಿನಲ್ಲಿ ವಿಚಾರಣೆಗೆ ನಿಂತ ನಾಜಿ ನಾಯಕರಿಗೆ ಗಿಲ್ಬರ್ಟ್ ಎಂಬ ಅಮೆರಿಕದ ಮನೋವಿಜ್ಞಾನಿ ಬುದ್ಧಿ ಪರೀಕ್ಷೆ ಮಾಡಿದಾಗ ಗೋರಿಂಗನಿಗೆ 138 ಬಂತು. ಸರಾಸರಿ ನೂರು. ಅವರಲ್ಲಿ ಹೆಚ್ಚಿನವರು ಸರಾಸರಿಗಿಂತ ಬಹಳ ಮೇಲಿದ್ದರು.

ಇಷ್ಟು ಹೇಳಿ ಪ್ರಶ್ನೆಗೆ ಹೌದೆನ್ನಲು ನಾನು ಸಿದ್ಧನಿಲ್ಲ. ಒಟ್ಟು ಜನಸಮುದಾಯವನ್ನು ನೋಡಿದರೆ ಹೆಚ್ಚು ಅಂಕ ಬಂದವರಲ್ಲಿ ಅಪರಾಧ ಮಾಡಿ ಶಿಕ್ಷೆಗೊಳಗಾದವರು ಕಡಿಮೆಯೇ. ಸಿಕ್ಕಿಬೀಳುವವರು ಕಡಿಮೆ ಎಂದು ಕುಚೋದ್ಯ ಮಾಡಬಹುದು. ಆದರೂ ಬುದ್ಧಿ ಕೆಟ್ಟತನವನ್ನು ಹುಟ್ಟಿಸುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಇದ್ದ ಕೆಟ್ಟತನದ ಕೈಯನ್ನು ಅದು ಉದ್ದ ಮಾಡುತ್ತದೆ. ಆಲೆಮನೆಯ ಯಂತ್ರದ ಮುಂದೆ ಸಾಲುಗಟ್ಟಿದ ಕುಟುಂಬಗಳ ಆಸೆ ಯಂತ್ರಕ್ಕಿಂತ ಹಳೆಯದು.

"ಒಳ್ಳೆ ಉದ್ದೇಶದ ಬುದ್ಧಿವಂತರೂ ಕೇಡು ಮಾಡಿದ್ದುಂಟಾ?"

ಉಂಟು, ಅದೂ ದೊಡ್ಡ ಪ್ರಮಾಣದಲ್ಲಿ. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಎಂಬ ಎಂಜಿನಿಯರು, ಕಾರಿನ ಎಂಜಿನ್ನಿನ ಬಡಿತ ನಿಲ್ಲಿಸಲು ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸುವ ಉಪಾಯ ಕಂಡುಹಿಡಿದ. ಮುಂದೆ ಫ್ರಿಜ್ಜಿಗೆ ಬೇಕಾದ ಅನಿಲದ ಶೋಧದಲ್ಲೂ ಅವನ ಪಾತ್ರವಿತ್ತು. ಓಜೋನ್ ಪದರವನ್ನು ತಿಂದದ್ದು ಅದೇ ಬಗೆಯ ಅನಿಲಗಳು. ಸೀಸದ ಹೊಗೆ ದಶಕಗಳ ಕಾಲ ಪ್ರಪಂಚದ ಊರೂರ ಮಕ್ಕಳ ಮೈ ಸೇರಿತು, ಮತ್ತು ಸೀಸ ಮೊದಲು ಹೊಡೆಯುವುದು ಬೆಳೆಯುವ ಮಿದುಳಿಗೇ. ಭಾರತದಲ್ಲಿ ಸೀಸರಹಿತ ಪೆಟ್ರೋಲು ಎಲ್ಲೆಡೆ ಬಂದದ್ದು 2000ದಲ್ಲಿ. ಒಬ್ಬನ ಜಾಣತನ ಕೋಟ್ಯಂತರ ಮಕ್ಕಳ ಜಾಣತನದಿಂದ ಪಾಲು ಕಿತ್ತುಕೊಂಡಿತು ಎಂಬುದಕ್ಕಿಂತ ವಿಚಿತ್ರವಾದ ಲೆಕ್ಕ ನನಗೆ ಗೊತ್ತಿಲ್ಲ.

"ಬುದ್ಧಿವಂತರು ಸುಳ್ಳು ಸುದ್ದಿಗಾದರೂ ಬಲಿಯಾಗಲ್ಲ ಅಲ್ವಾ?"

ಸಾಮಾನ್ಯ ವಿಷಯದಲ್ಲಿ ಕಡಿಮೆ ಬಲಿಯಾಗುತ್ತಾರೆ, ತಮ್ಮ ಪಕ್ಷದ ವಿಷಯದಲ್ಲಿ ಹಾಗಲ್ಲ. ಡ್ಯಾನ್ ಕಹಾನ್ ಮತ್ತು ಸಂಗಡಿಗರು ಅಮೆರಿಕದಲ್ಲಿ 2013ರಲ್ಲಿ ಒಂದೇ ಅಂಕಿಗಳ ಪಟ್ಟಿಯನ್ನು ಎರಡು ವೇಷದಲ್ಲಿ ಕೊಟ್ಟು ನೋಡಿದರು. ಚರ್ಮದ ಮುಲಾಮಿನ ಫಲಿತಾಂಶವೆಂದಾಗ ಲೆಕ್ಕದಲ್ಲಿ ಗಟ್ಟಿಗರಾದವರು ಸರಿಯಾಗಿ ಓದಿದರು. ಬಂದೂಕು ನಿಯಂತ್ರಣದ ಫಲಿತಾಂಶವೆಂದಾಗ ಅದೇ ಗಟ್ಟಿಗರು ತಮ್ಮ ಪಕ್ಷಕ್ಕೆ ಒಗ್ಗುವಂತೆ ಓದಿದರು. ಪಕ್ಷಗಳ ನಡುವಿನ ಅಂತರ ಲೆಕ್ಕ ಬಾರದವರಿಗಿಂತ ಲೆಕ್ಕ ಬಂದವರಲ್ಲೇ ಹೆಚ್ಚಿತ್ತು. ನಮ್ಮ ಮನೆಗಳ ವಾಟ್ಸಾಪ್ ಗುಂಪುಗಳಲ್ಲಿ ಹೆಚ್ಚು ಓದಿದ ದೊಡ್ಡಪ್ಪನೇ ಹೆಚ್ಚು ಉದ್ದದ ಸುಳ್ಳನ್ನು ಸಮರ್ಥಿಸುವುದನ್ನು ಕಂಡವರಿಗೆ ಇದು ಹೊಸದೇನಲ್ಲ.

## ಹೆಚ್ಚಿಸುವ ದಾರಿಗಳು

"ಬುದ್ಧಿ ಹುಟ್ಟಿನಿಂದ ಬರೋದಲ್ವಾ? ಅದನ್ನ ಹೆಚ್ಚಿಸೋದು ಹ್ಯಾಗೆ?"

ವಂಶದ ಪಾಲು ಗಣನೀಯವಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೀಜ ಎಷ್ಟೇ ಒಳ್ಳೆಯದಾದರೂ ನೆಲ ಕೆಟ್ಟಿದ್ದರೆ ಬೆಳೆ ಕೈಗೆ ಹತ್ತುವುದಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಹಲವು ದೇಶಗಳ ಸರಾಸರಿ ಐಕ್ಯೂ ಅಂಕ ದಶಕಕ್ಕೆ ಸುಮಾರು ಮೂರರಂತೆ ಏರಿತೆಂದು ಜೇಮ್ಸ್ ಫ್ಲಿನ್ ತೋರಿಸಿದರು. ಅಷ್ಟು ಬೇಗ ವಂಶವಾಹಿಗಳು ಬದಲಾಗುವುದಿಲ್ಲ. ಆಹಾರ, ಶಾಲೆ, ಚಿಕ್ಕ ಕುಟುಂಬ, ಅಮೂರ್ತವಾಗಿ ಯೋಚಿಸುವ ರೂಢಿ ಇವುಗಳೇ ಕಾರಣವಿರಬೇಕು. ನಾರ್ವೆಯಲ್ಲಿ 1970ರ ದಶಕದ ನಡುವಿನ ನಂತರ ಹುಟ್ಟಿದವರಲ್ಲಿ ಅಂಕ ಇಳಿಯತೊಡಗಿತು, ಆ ಇಳಿಕೆ ಒಂದೇ ಮನೆಯ ಅಣ್ಣತಮ್ಮಂದಿರ ನಡುವೆಯೂ ಕಂಡಿತು. ಆದ್ದರಿಂದ ಪರಿಸರ ಎರಡೂ ಕಡೆಗೆ ಎಳೆಯಬಲ್ಲದು.

ಅಗ್ಗದ ದಾರಿಯೆಂದರೆ ಉಪ್ಪು. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೊಗ್ರಾಂ. ಎಪ್ಪತ್ತು ವರ್ಷದ ಆಯುಷ್ಯಕ್ಕೆ ಕೂಡಿಸಿದರೂ ಒಂದು ಚಮಚ ತುಂಬುವುದಿಲ್ಲ. ಗರ್ಭಿಣಿಗೆ ಅದರ ತೀವ್ರ ಕೊರತೆಯಾದರೆ ಮಗುವಿನ ಅಂಕದಲ್ಲಿ ಹತ್ತರ ಆಸುಪಾಸು ನಷ್ಟವಾಗಬಹುದು. 1962ರಲ್ಲಿ ನಮ್ಮ ದೇಶ ಗಳಗಂಡದ ವಿರುದ್ಧ ಕಾರ್ಯಕ್ರಮ ಆರಂಭಿಸಿದಾಗ ಜನ ಕಂಡದ್ದು ಕುತ್ತಿಗೆಯ ಗಡ್ಡೆಯನ್ನು ಮಾತ್ರ. ಕಾಣದ ನಷ್ಟ ತಲೆಯೊಳಗಿತ್ತು. ನಮ್ಮ ಮನೆಯಲ್ಲಿ ಕಲ್ಲುಪ್ಪನ್ನು ಒಲೆಯ ಪಕ್ಕದ ಮಡಕೆಯಲ್ಲಿ ಬಾಯ್ತೆರೆದು ಇಡುತ್ತಿದ್ದರು. ಅಯೋಡಿನ್ ಬೆರೆತ ಉಪ್ಪನ್ನು ಹಾಗಿಟ್ಟರೆ ತೇವ ಮತ್ತು ಬಿಸಿಗೆ ಅದು ಕ್ರಮೇಣ ಹಾರಿಹೋಗುತ್ತದೆ. ಮುಚ್ಚಳವಿರುವ ಡಬ್ಬದಲ್ಲಿಟ್ಟು ಅಡುಗೆಯ ಕೊನೆಗೆ ಹಾಕುವುದು ಮೇಲು.

ಇನ್ನೊಂದು ದಾರಿ ಶಾಲೆ. ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಹೆಚ್ಚುವರಿಯಾಗಿ ಓದಿದ ಪ್ರತಿ ವರ್ಷಕ್ಕೆ ಒಂದರಿಂದ ಐದು ಅಂಕ ಹೆಚ್ಚುತ್ತದೆಂದು ಕಂಡಿತು. ಹತ್ತನೇ ತರಗತಿಗೆ ಓದು ಬಿಡಿಸಿ ಮಗಳ ಮದುವೆ ಮಾಡುವವರು ಈ ಲೆಕ್ಕವನ್ನೂ ನೋಡಬೇಕು.

"ಒಂದೆಲಗ, ಬಾದಾಮಿ, ಅಬ್ಯಾಕಸ್ ಕ್ಲಾಸು?"

ಒಂದೆಲಗದ ಚಟ್ನಿ ಬಿಸಿ ಅನ್ನಕ್ಕೆ ಬಹಳ ರುಚಿ. ಬಾದಾಮಿ ಒಳ್ಳೆಯ ಆಹಾರ. ಅಬ್ಯಾಕಸ್ ಕಲಿತ ಮಗು ಅಬ್ಯಾಕಸ್ಸಿನ ಲೆಕ್ಕದಲ್ಲಿ ಚುರುಕಾಗುತ್ತದೆ. ಆ ಚುರುಕು ಬೇರೆ ಕೆಲಸಗಳಿಗೆ ಹರಿದುಹೋಗುವುದು ಬಹಳ ಕಡಿಮೆ.

"ಭ್ರೂಣಾನೇ ಆರಿಸಿ ಜಾಣ ಮಗು ಪಡೀಬಹುದಂತೆ. ಎಲ್ಲರೂ ಹಾಗೆ ಮಾಡಿದ್ರೆ ತಪ್ಪೇನು?"

ಪ್ರನಾಳ ಶಿಶು ವಿಧಾನದಲ್ಲಿ ದೊರೆತ ಹಲವು ಭ್ರೂಣಗಳ ವಂಶವಾಹಿಗಳನ್ನು ಓದಿ, ಹೆಚ್ಚು ಅಂಕದ ಸಾಧ್ಯತೆ ಇರುವುದನ್ನು ಆರಿಸುವುದು ಇದರ ಹಿಂದಿನ ಉಪಾಯ. ಬುದ್ಧಿಯನ್ನು ನಿರ್ಧರಿಸುವ ಒಂದೇ ವಂಶವಾಹಿ ಇಲ್ಲ, ಸಾವಿರಾರು ಸಣ್ಣ ಪಾಲುಗಳಿವೆ. 2019ರಲ್ಲಿ ಪ್ರಕಟವಾದ ಲೆಕ್ಕಾಚಾರದಂತೆ, ಅಂದಿನ ಜ್ಞಾನದಲ್ಲಿ ಹತ್ತು ಭ್ರೂಣಗಳಿಂದ ಆರಿಸಿದರೂ ಸರಾಸರಿ ಲಾಭ ಎರಡೂವರೆ ಅಂಕದಷ್ಟು. ಒಂದು ವರ್ಷದ ಶಾಲೆ ಅಷ್ಟನ್ನೇ ಕೊಡುತ್ತದೆ. ಜ್ಞಾನ ಬೆಳೆದಂತೆ ಈ ಅಂಕಿ ಏರಬಹುದು, ಆದ್ದರಿಂದ ಪ್ರಶ್ನೆಯನ್ನು ನಗುತ್ತ ತಳ್ಳಿಹಾಕುವಂತಿಲ್ಲ.

ನಮ್ಮಲ್ಲಿ 2021ರ ಕಾನೂನು ಭ್ರೂಣದ ವಂಶವಾಹಿ ಪರೀಕ್ಷೆಯನ್ನು ಗೊತ್ತಿರುವ ಆನುವಂಶಿಕ ರೋಗಗಳ ಪತ್ತೆಗೆ ಮೀಸಲಿಟ್ಟಿದೆ. ನನಗೆ ಅದು ಸರಿಯೆನಿಸುತ್ತದೆ. ರೋಗವನ್ನು ತಪ್ಪಿಸುವುದಕ್ಕೂ ಅಂಕವನ್ನು ಕೊಳ್ಳುವುದಕ್ಕೂ ನಡುವೆ ಗೆರೆ ಎಳೆಯುವುದು ಕಷ್ಟವೆಂದು ಬಲ್ಲೆ. ಆದರೂ ಆಯ್ಕೆಯ ಯಂತ್ರ ಕೈಗೆ ಸಿಕ್ಕಾಗ ನಮ್ಮ ಸಮಾಜ ಮೊದಲು ಏನನ್ನು ಆರಿಸಿತೆಂಬುದಕ್ಕೆ ಆಲೆಮನೆಯೇ ಸಾಕ್ಷಿ ಹೇಳಿದೆ. ಬುದ್ಧಿವಂತರಷ್ಟೇ ಹುಟ್ಟಬೇಕೆಂಬ ಉತ್ಸಾಹ ಹಿಂದೆಯೂ ಇತ್ತು. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮಂದಬುದ್ಧಿಯ ಪಟ್ಟ ಕಟ್ಟಿದ ಹೆಣ್ಣೊಬ್ಬಳ ಬಲವಂತದ ಸಂತಾನಹರಣಕ್ಕೆ ಒಪ್ಪಿಗೆ ಕೊಟ್ಟಿತು. ತೀರ್ಪು ಕೊಟ್ಟವರು ತಮ್ಮ ಕಾಲದ ಮೇಧಾವಿಗಳು.

"ಜಾಣ ಮಕ್ಕಳನ್ನ ಚಿಕ್ಕಂದಿನಲ್ಲೇ ಹೆಕ್ಕಿ ಬೆಳೆಸಿದ್ರೆ ಸಾಕಲ್ವಾ?"

ಹೆಕ್ಕುವ ಜರಡಿಯ ಮೇಲೆ ಅಷ್ಟು ಭರವಸೆ ಬೇಡ. 1921ರಲ್ಲಿ ಲೂಯಿಸ್ ಟರ್ಮನ್ ಕ್ಯಾಲಿಫೋರ್ನಿಯಾದಲ್ಲಿ ಅತಿ ಹೆಚ್ಚು ಅಂಕದ ಸುಮಾರು 1500 ಮಕ್ಕಳನ್ನು ಆರಿಸಿ ಜೀವನಪರ್ಯಂತ ಹಿಂಬಾಲಿಸುವ ಅಧ್ಯಯನ ಆರಂಭಿಸಿದ. ಅವರಲ್ಲಿ ಅನೇಕರು ಒಳ್ಳೆಯ ವೈದ್ಯರು, ಪ್ರಾಧ್ಯಾಪಕರು, ವಕೀಲರಾದರು. ನೊಬೆಲ್ ಯಾರಿಗೂ ಬರಲಿಲ್ಲ. ಅದೇ ಜರಡಿಯಲ್ಲಿ ಕೆಳಗೆ ಉದುರಿದ ಇಬ್ಬರು ಹುಡುಗರು, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್, 1956ರಲ್ಲಿ ಮತ್ತು 1968ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದರು. ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ತನ್ನನ್ನೇ ಕೈಬಿಟ್ಟಿದ್ದ ಆ ಅಂಕವನ್ನು ನಂಬಿ, ಕಡಿಮೆ ಐಕ್ಯೂ ಇದ್ದವರಿಗೆ ಹಣ ಕೊಟ್ಟು ಸಂತಾನಹರಣ ಮಾಡಿಸಬೇಕೆಂದು ಶಾಕ್ಲಿ ತನ್ನ ಕೊನೆಗಾಲದಲ್ಲಿ ಊರೂರಲ್ಲಿ ಭಾಷಣ ಮಾಡಿದ.

## ಇನ್ನೂ ತೊಡಕಿನವು

"ಬುದ್ಧಿವಂತರ ಕೈಗೇ ಅಧಿಕಾರ ಕೊಟ್ಟುಬಿಟ್ಟರೆ? ನಮ್ಮ ಮಹಾರಾಜರ ಕಾಲದಲ್ಲಿ ಹಾಗೇ ಇತ್ತಲ್ವಾ?"

ಆ ಕಾಲದ್ದೇ ಒಂದು ಘಟನೆ ನೋಡಿ. ಸರ್ಕಾರಿ ಹುದ್ದೆಗಳ ಬಹುಪಾಲು ಒಂದೇ ಸಮುದಾಯದ ಕೈಲಿದೆಯೆಂಬ ದೂರು ಬಂದಾಗ, ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಸಮಿತಿ 1919ರಲ್ಲಿ ಹೇಳಿತು. ದಿವಾನ್ ವಿಶ್ವೇಶ್ವರಯ್ಯನವರು ಇಂಥ ಮೀಸಲಾತಿಯನ್ನು ಒಪ್ಪದೆ, ವರದಿ ಬರುವ ಮೊದಲೇ ಹುದ್ದೆ ಬಿಟ್ಟಿದ್ದರು; ಅರ್ಹತೆಗೆ ಧಕ್ಕೆಯಾಗುತ್ತದೆಂಬುದು ಅವರ ಆತಂಕ.

ದೊರೆ, ದಿವಾನರು ಇಬ್ಬರೂ ನಾಡಿಗೆ ಒಳಿತನ್ನೇ ಬಯಸಿದವರು. ಅವರ ನಡುವೆ ಇದ್ದದ್ದು ಬುದ್ಧಿಯ ಅಂತರವಲ್ಲ, ಎಂಜಿನಿಯರ್ ಆಗಿ ದಿವಾನರಿಗೆ ಸರಿಸಾಟಿ ಅಂದು ಯಾರಿದ್ದರು? ಅರ್ಹತೆ ಎಲ್ಲಿಂದ ಬರುತ್ತದೆ, ಅದು ಯಾರ ಮನೆಯ ಅಂಗಳದವರೆಗೆ ತಲುಪಲು ಬಿಟ್ಟಿದ್ದೇವೆ ಎಂಬುದನ್ನು ಇಬ್ಬರೂ ಬೇರೆ ಬೇರೆ ಕಡೆ ನಿಂತು ನೋಡಿದರು. ಒಂದು ಶತಮಾನದ ನಂತರ ಹಿಂತಿರುಗಿ ನೋಡಿದಾಗ, ಈ ಒಂದು ವಿಷಯದಲ್ಲಿ ದೊರೆ ಕಂಡದ್ದೇ ದೂರದ್ದು ಎಂಬುದು ನನ್ನ ಅಭಿಪ್ರಾಯ. ಮೈಸೂರಿನಲ್ಲಿ ಇದನ್ನು ಹೇಳಿ ಬೈಸಿಕೊಂಡದ್ದೂ ಇದೆ.

"ಒಬ್ಬೊಬ್ಬರ ಬುದ್ಧಿಗಿಂತ ಕೂಡಿ ಯೋಚಿಸೋದು ದೊಡ್ಡದಲ್ವಾ?"

ಹಂಚಿಕೆಯ ಗಂಟುಗಳಿಗೆ ಅದೇ ಮದ್ದಿಗೆ ಹತ್ತಿರದ್ದು. ಕೆರೆಯ ಕೆಳಗಿನ ಊರುಗಳಲ್ಲಿ ನೀರುಗಂಟಿ ಎಂಬವನೊಬ್ಬನಿರುತ್ತಿದ್ದ. ತೂಬು ತೆಗೆಯುವುದು, ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ತಿರುಗಿಸುವುದು, ನೀರು ಕಡಿಮೆಯಾದ ವರ್ಷ ಎಲ್ಲರ ಪಾಲನ್ನೂ ಕುಗ್ಗಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ಎಲ್ಲರ ಕಣದಿಂದ ಅವನಿಗೆ ಕಾಳು. ಹಲವು ಊರುಗಳಲ್ಲಿ ಆ ಕೆಲಸ ಮಾಡುತ್ತಿದ್ದವರು ದಲಿತರು, ಸ್ವಂತ ಗದ್ದೆಯಿಲ್ಲದವರು. ನಿಷ್ಪಕ್ಷಪಾತಕ್ಕೆ ಅದು ಅನುಕೂಲವಾಯಿತೆಂದು ಹೇಳುವುದುಂಟು. ಆ ಅನುಕೂಲದ ಬೆಲೆ ತೆತ್ತವನು ನೀರುಗಂಟಿಯೇ ಎಂಬುದನ್ನೂ ಜೊತೆಗೆ ಹೇಳಬೇಕು. ಊರಿನಲ್ಲಿ ಅವನಿಗಿಂತ ಜಾಣರು ಇದ್ದರು. ಅವರೆಲ್ಲರ ಜಾಣತನ ಒಬ್ಬರ ಮೇಲೊಬ್ಬರು ತಿರುಗದಂತೆ ಹಿಡಿದಿಟ್ಟದ್ದು ಆ ಏರ್ಪಾಡು.

"ಈಗ ಯಂತ್ರಗಳಿಗೇ ಬುದ್ಧಿ ಬಂದಿದೆ. ಮನುಷ್ಯರ ಬುದ್ಧಿ ಹೆಚ್ಚಿಸಿ ಆಗಬೇಕಾದ್ದೇನು?"

ಯಂತ್ರ ತಿಳಿಯದ ಗಂಟುಗಳನ್ನು ನಮಗಿಂತ ಬೇಗ ಬಿಡಿಸುವ ದಿನಗಳು ಬಂದಿವೆ, ಅದು ಸಂತೋಷವೇ. ಮೊನ್ನೆ ತಂಗಿಯ ಮಗ ತನ್ನ ಫೋನಿನ ಯಂತ್ರಕ್ಕೆ "ಕೂಳೆ ಕಬ್ಬಿಗೆ ಗೊಬ್ಬರ ಎಷ್ಟು" ಎಂದು ಕೇಳಿದ. ಅದು, ಕಟಾವಾದ ಮೇಲೆ ಬುಡದಿಂದ ಮತ್ತೆ ಚಿಗುರುವ ಕೂಳೆಯನ್ನು ಕೂಳೆಂದು ತಿಳಿದು ಅನ್ನ ಮಾಡುವ ಬಗೆಯನ್ನು ವಿನಯದಿಂದ ವಿವರಿಸಿತು. ಅವನು ಐದನೇ ತರಗತಿಯ ಮಗಳಿಗೆ ಓದಿ ಹೇಳಿ ನಕ್ಕ, ಅವಳು ಪ್ರಶ್ನೆಯನ್ನು ಬಿಡಿಸಿ ಬರೆದು ಸರಿಯಾದ ಉತ್ತರ ಪಡೆದಳು. ತಪ್ಪು ಉತ್ತರವನ್ನು ತಪ್ಪೆಂದು ಗುರುತಿಸಲು ಕೂಳೆ ಕಬ್ಬನ್ನು ಕಂಡವರೊಬ್ಬರು ಬೇಕಾಯಿತು. ಯಂತ್ರ ಹೆಚ್ಚು ಬಲಿತಷ್ಟೂ ಅದರ ತಪ್ಪುಗಳು ಇಷ್ಟು ಸುಲಭವಾಗಿ ನಗು ಬರಿಸುವುದಿಲ್ಲ, ಹಾಗಾಗಿ ಗುರುತಿಸುವವರ ಬುದ್ಧಿಯೂ ಬಲಿಯಲೇಬೇಕಾಗುತ್ತದೆ.

"ಕೈಗೆ ದುಡ್ಡು ಕೊಟ್ಟು ಒಂದು ಜಿಲ್ಲೆಯ ಬುದ್ಧಿ ಹೆಚ್ಚಿಸಿ ಅಂದ್ರೆ ಎಲ್ಲಿಂದ ಶುರು ಮಾಡ್ತೀರಿ?"

ಪ್ರತಿಭಾವಂತರ ಶಾಲೆಯಿಂದಂತೂ ಅಲ್ಲ. ಗರ್ಭಿಣಿಯರ ಮತ್ತು ಹದಿಹರೆಯದ ಹೆಣ್ಣುಮಕ್ಕಳ ರಕ್ತಹೀನತೆಗೆ ಮೊದಲ ಕಂತು. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಸಾಲದು, ನುಂಗಿದರೆ ಹೊಟ್ಟೆ ತೊಳಸುತ್ತದೆಂದು ಹಿತ್ತಿಲಿಗೆ ಎಸೆಯುವವರ ಜೊತೆ ಕೂತು ಮಾತನಾಡುವ ಕಾರ್ಯಕರ್ತೆಗೆ ಸರಿಯಾದ ಸಂಬಳವನ್ನೂ ಕೊಡಬೇಕು. ಎರಡನೆಯದು ಸೀಸದ ಪತ್ತೆ: ಹಳೆಯ ಬ್ಯಾಟರಿ ಒಡೆಯುವ ಜಾಗಗಳ ಸುತ್ತಲಿನ ಮಕ್ಕಳ ರಕ್ತ, ಹಳೆಯ ಬಣ್ಣ ಉದುರುವ ಶಾಲೆಯ ಗೋಡೆ, ಬಣ್ಣ ಹೊಳೆಯಲೆಂದು ಕಲಬೆರಕೆಯಾದ ಅರಿಶಿನ. ಮೂರನೆಯದು ಅಂಗನವಾಡಿ, ಹಾಲು ಮೊಟ್ಟೆಯ ಜೊತೆಗೆ ಮಕ್ಕಳ ಕೂಡ ದಿನಕ್ಕೊಂದು ತಾಸು ಮಾತನಾಡಿ ಕಥೆ ಹೇಳುವವರು ಬೇಕು.

ಉಳಿದದ್ದರಲ್ಲಿ ಒಂದು ಭಾಗವನ್ನು, ಆ ಹನ್ನೊಂದು ವರ್ಷದ ಹುಡುಗನ ಊರಿನಂಥ ಊರುಗಳಲ್ಲಿ ಸಂಜೆ ಎಂಟರವರೆಗೆ ದೀಪ ಉರಿಯುವ ವಾಚನಾಲಯಕ್ಕೆ ಇಡುತ್ತೇನೆ. ಇನ್ನೊಂದು ಭಾಗವನ್ನು ಪ್ರಶ್ನೆಪತ್ರಿಕೆ ತಿದ್ದುವುದಕ್ಕೆ: ಕಬ್ಬಿಗೂ ಭತ್ತಕ್ಕೂ ಸಾಮ್ಯವೇನೆಂದು ಕೇಳುವವರು, ನಾಲೆ ನಿಂತರೆ ಎರಡೂ ಒಣಗುತ್ತವೆ ಎಂಬ ಉತ್ತರಕ್ಕೆ ಎಷ್ಟು ಅಂಕವೆಂದು ಮೊದಲೇ ಯೋಚಿಸಿಟ್ಟಿರಬೇಕು.